ಶುದ್ಧಿ ಇರುವುದು ಅಕ್ಷರದಲ್ಲೋ, ನಾಲಗೆಯಲ್ಲೋ?

ಹಾವೇರಿ ಜಿಲ್ಲೆಯ ಶಿಗ್ಗಾವಿಯನ್ನು ಅಲ್ಲಿನವರು ಶಿಗ್ಗಾವಿ ಎಂದೇ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಅದು ಮರಾಠಿಯ ‘ಗಾಂವ್’ ಹೊತ್ತು ಶಿಗ್ಗಾಂವ್ ಆಗುತ್ತದೆ. ಆ ಸೀಮೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದ ಗುರುತು ಅದು. ಊರಿನವರ ಬಾಯಲ್ಲಿರುವುದು ನಿಜವಾದ ಹೆಸರೋ, ಕಾಗದದ ಮೇಲಿರುವುದೋ? ಇದು ಬರೀ ಸ್ಪೆಲಿಂಗಿನ ತಕರಾರಲ್ಲ. ಬರೆದದ್ದಕ್ಕೆ ಹೊಂದದ ಉಚ್ಚಾರವನ್ನು ನಾವು ‘ಅಶುದ್ಧ’ ಎನ್ನುತ್ತೇವೆ. ಮಡಿ-ಮೈಲಿಗೆಗೆ ಬಳಸುವ ಮಾತನ್ನೇ ನಾಲಗೆಗೂ ಅಂಟಿಸುತ್ತೇವೆ. ಕಾಗುಣಿತ ಒಂದು ಒಪ್ಪಂದ ಮಾತ್ರ, ಶುದ್ಧಾಶುದ್ಧದ ಅಳತೆಗೋಲಲ್ಲ ಎಂಬುದು ನನ್ನ ವಾದ.

ಇಂಗ್ಲಿಷನ್ನೇ ನೋಡಿ. ಯೋಧ ಎಂಬರ್ಥದ ‘ನೈಟ್’ ಪದದ ಮೊದಲಿಗಿರುವ ‘ಕೆ’ಯನ್ನು ಒಂದು ಕಾಲದಲ್ಲಿ ಇಂಗ್ಲಿಷರು ಉಚ್ಚರಿಸುತ್ತಿದ್ದರು. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಕೂಟ ತಂದ ಮೇಲೆ ಬರವಣಿಗೆ ಮೆಲ್ಲಗೆ ಗಟ್ಟಿಯಾಯಿತು, ನಾಲಗೆ ಮಾತ್ರ ಮುಂದೆ ನಡೆಯುತ್ತಲೇ ಇತ್ತು. ಸಾಲ ಎಂಬರ್ಥದ ‘ಡೆಟ್’ನಲ್ಲಿರುವ ‘ಬಿ’ಯ ಕಥೆ ಇನ್ನೂ ವಿಚಿತ್ರ: ಇಂಗ್ಲಿಷರು ಅದನ್ನು ಎಂದೂ ನುಡಿದವರಲ್ಲ, ಲ್ಯಾಟಿನ್ ಮೂಲವನ್ನು ನೆನಪಿಸಲು ಪಂಡಿತರು ಸೇರಿಸಿದ್ದು. ಕನ್ನಡ ಬೇರೆ ದಾರಿ ಹಿಡಿಯಿತು. ಶಾಸನಗಳ ಪಾನುಂಗಲ್ಲು ಇಂದು ಹಾನಗಲ್ಲು. ‘ಪ’ಕಾರ ‘ಹ’ಕಾರವಾದಾಗ ನಮ್ಮ ಲಿಪಿಯೂ ಅದರ ಹಿಂದೆ ಹೋಯಿತು. ಆದರೂ ‘ಬರೆದಂತೆ ಓದುತ್ತೇವೆ’ ಎಂಬ ನಮ್ಮ ಹೆಮ್ಮೆ ಪೂರ್ತಿ ನಿಜವಲ್ಲ. ಋಷಿ ಎಂದು ಬರೆದು ರುಶಿ ಎನ್ನುವವರೇ ಹೆಚ್ಚು. ಮಹಾಪ್ರಾಣಗಳು ಹಳ್ಳಿಯ ಬಾಯಲ್ಲಿ ಉಳಿದಿರುವುದು ಅಪರೂಪ.

ಇದಕ್ಕೆ ವೇದಪಾಠದ ಕಡೆಯಿಂದ ಬಲವಾದ ಆಕ್ಷೇಪ ಬರುತ್ತದೆ. ‘ಇಂದ್ರಶತ್ರು’ ಎಂಬ ಪದದ ಸ್ವರ ತಪ್ಪಿದ್ದರಿಂದ, ಇಂದ್ರನನ್ನು ಕೊಲ್ಲಬೇಕಾದವನು ಇಂದ್ರನಿಂದಲೇ ಸತ್ತ ಕಥೆಯನ್ನು ಪತಂಜಲಿಯ ಮಹಾಭಾಷ್ಯ ನೆನೆಯುತ್ತದೆ. ಆದರೆ ಅಲ್ಲಿ ಕೆಟ್ಟದ್ದು ಅರ್ಥ; ಬರವಣಿಗೆಯ ಮಾತೇ ಅಲ್ಲಿಲ್ಲ. ಪಾಣಿನೀಯ ಶಿಕ್ಷೆಯಂತೂ ಅಧಮ ಪಾಠಕರ ಪಟ್ಟಿಯಲ್ಲಿ ಬರೆದದ್ದನ್ನು ನೋಡಿ ಓದುವವನನ್ನೂ ಅರ್ಥ ತಿಳಿಯದವನನ್ನೂ ಒಟ್ಟಿಗೇ ಕೂರಿಸುತ್ತದೆ. ಉಚ್ಚಾರದಲ್ಲಿ ಅತ್ಯಂತ ಕಟ್ಟುನಿಟ್ಟಾದ ಪರಂಪರೆಯೇ ಅಕ್ಷರಕ್ಕೆ ಶುದ್ಧಿಯ ಅಧಿಕಾರ ಕೊಟ್ಟಿಲ್ಲ. ನವಾಬರ ಊರಾಗಿದ್ದ ಸವಣೂರಿನ ಉರ್ದುವಿನಲ್ಲೂ ಇದೇ ಪಾಠವಿದೆ. ಅರಬ್ಬಿಯಲ್ಲಿ ಬೇರೆ ಬೇರೆ ಧ್ವನಿಯಿರುವ ನಾಲ್ಕು ಅಕ್ಷರಗಳು ಉರ್ದುವಿನಲ್ಲಿ ಒಂದೇ ‘ಜ಼’. ಕುರಾನ್ ಓದುವಾಗ ತಜ್ವೀದಿನ ನಿಯಮ ಹಿಡಿದು ಅವುಗಳನ್ನು ಬಿಡಿಬಿಡಿಯಾಗಿ ನುಡಿಯಬೇಕು, ಸರಿಯೇ. ಅದೇ ಜನ ಅರಬ್ಬರ ‘ರಮದಾನ್’ ಅನ್ನು ರಮ್ಜಾನ್ ಎನ್ನುತ್ತಾರೆ, ಕನ್ನಡಿಗರು ರಂಜಾನ್ ಎನ್ನುತ್ತೇವೆ. ಇದರಿಂದ ಉಪವಾಸದ ಫಲ ಕಡಿಮೆಯಾಯಿತೆಂದು ಯಾವ ಭಕ್ತನೂ ನಂಬುವುದಿಲ್ಲ.

ಹಾಗಾದರೆ ಯಾರು ಹೇಗೆ ಬೇಕಾದರೂ ಬರೆಯಬಹುದೇ ಎಂದು ಕೇಳಬಹುದು. ಬರೆಯಬಾರದು. ಹಾನಗಲ್ಲಿನವರು ಬರೆದದ್ದನ್ನು ಮಂಗಳೂರಿನವರು ಓದಬೇಕಾದರೆ ಒಂದೇ ಕಾಗುಣಿತ ಬೇಕು. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳು ತಮ್ಮವನೆನ್ನುವ ಸರ್ವಜ್ಞನ ತ್ರಿಪದಿಗಳು ಬಾಯಿಂದ ಬಾಯಿಗೆ ಹರಿದು ನೂರು ಪಾಠಭೇದ ಪಡೆದವು. ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಸಂಗ್ರಹಿಸಿ 1924ರಲ್ಲಿ ಅಚ್ಚು ಹಾಕಿಸದಿದ್ದರೆ ಎಷ್ಟೋ ಕಳೆದುಹೋಗುತ್ತಿದ್ದವು. ಬರವಣಿಗೆಯ ಈ ಋಣ ದೊಡ್ಡದು. ಆದರೆ ಆ ತ್ರಿಪದಿಗಳನ್ನು ಅಷ್ಟು ಕಾಲ ಹೊತ್ತು ತಂದದ್ದು ಮಹಾಪ್ರಾಣ ತಪ್ಪಿಸುವ, ಶ-ಷ ಕೂಡಿಸುವ ನಾಲಗೆಗಳೇ.

ಶಾಲೆಯ ಮಾಸ್ತರರಲ್ಲಿ, ಅಕ್ಕೋರಲ್ಲಿ ನನ್ನ ಬೇಡಿಕೆ ಇಷ್ಟೇ: ಮಕ್ಕಳ ಸ್ಪೆಲಿಂಗ್ ತಪ್ಪಿದರೆ ತಿದ್ದಿ, ಅಂಕ ಕಳೆಯಿರಿ, ಇಂಗ್ಲಿಷ್ ಪದವನ್ನು ಬರೆದಂತೆಯೇ ಓದಿದ ಮಗುವಿಗೆ ಸರಿಯಾದ ಉಚ್ಚಾರ ಹೇಳಿಕೊಡಿ. ಆದರೆ ಅದರ ಮನೆಮಾತಿನ ಉಚ್ಚಾರವನ್ನು ಅಶುದ್ಧ ಎಂದು ಕರೆಯಬೇಡಿ.