ನೋವಾಗಲಿ ಎಂಬ ಹಾರೈಕೆ

ಜಪಾನಿನ ಕೋಬೆಯಲ್ಲಿ ದಾರಿ ಕೇಳಿದರೆ ಬೆಟ್ಟದ ಕಡೆ, ಕಡಲ ಕಡೆ ಎಂದೇ ಹೇಳುತ್ತಾರೆ. ಒಂದು ಬದಿಗೆ ರೊಕ್ಕೊ ಬೆಟ್ಟಸಾಲು, ಇನ್ನೊಂದು ಬದಿಗೆ ಬಂದರು, ನಡುವಿನ ಇಕ್ಕಟ್ಟು ಪಟ್ಟಿಯಲ್ಲಿ ಊರು. ಇಲ್ಲಿ ನಡೆಯುವುದೆಂದರೆ ಏರಬೇಕು, ಇಲ್ಲವೆ ಇಳಿಯಬೇಕು. ಹಳೆಯ ವಿದೇಶಿ ವರ್ತಕರ ಬಂಗಲೆಗಳಿರುವ ಕಿತಾನೊ ಇಳಿಜಾರಿನಲ್ಲಿ, 1935ರ ಮಸೀದಿಗೂ ಭಾರತೀಯ ವ್ಯಾಪಾರಿಗಳು ಕಟ್ಟಿಸಿದ ಜೈನ ಮಂದಿರಕ್ಕೂ ಹತ್ತಿರದಲ್ಲೇ, ಸಂಜೆ ಹೊತ್ತು ನಿಂತರೆ ಕೂಸಿನ ತಳ್ಳುಗಾಡಿಗಳು ಹಾದುಹೋಗುತ್ತವೆ. ಬಗ್ಗಿ ನೋಡಿದರೆ ಒಳಗೆ ಕೂಸಿಲ್ಲ, ನಾಯಿ ಕೂತಿರುತ್ತದೆ. ಊರಿಂದ ಬಂದ ನೆಂಟರು ನಗುತ್ತಾರೆ. ದೇವರು ನಾಲ್ಕು ಕಾಲು ಕೊಟ್ಟಿದ್ದಾನಲ್ಲ, ಇದಕ್ಕೇನು ಬಂತು ದೊಡ್ಡರೋಗ ಅನ್ನುತ್ತಾರೆ. ಎಷ್ಟೋ ನಾಯಿಗಳಿಗೆ ಅದು ಬರೀ ಷೋಕಿ, ನಿಜ. ಕೆಲವಕ್ಕೆ ಮಾತ್ರ ಕಾರಣ ಬೆನ್ನಿನಲ್ಲಿದೆ.

ನಮ್ಮ ಕೆಳಮನೆಯಮ್ಮನ ನಾಯಿ ಚೊಕೊ ಅಂಥದ್ದು. ಕಂದು ಬಣ್ಣದ ಮಿನಿಯೇಚರ್ ಡ್ಯಾಷ್‌ಹಂಡ್. ಈ ಶತಮಾನದ ಮೊದಲ ವರ್ಷಗಳಲ್ಲಿ ಜಪಾನಿನಲ್ಲಿ ಅತಿ ಹೆಚ್ಚು ನೋಂದಣಿಯಾಗುತ್ತಿದ್ದ ತಳಿ ಅದು. ಚಿಕ್ಕ ಫ್ಲ್ಯಾಟಿಗೆ ಹೇಳಿ ಮಾಡಿಸಿದಂಥ ಗಾತ್ರ, ಮೋಟು ಕಾಲು, ಉದ್ದ ಬೆನ್ನು, ಮನೆಗೆ ಮುದ್ದು. ಆದರೆ ಈ ಆಕಾರವನ್ನು ಮುದ್ದಿಗೆಂದು ಯಾರೂ ರೂಪಿಸಿದ್ದಲ್ಲ. ಜರ್ಮನಿಯ ಬೇಟೆಗಾರರು ಬ್ಯಾಜರ್ ಎಂಬ ಪ್ರಾಣಿಯನ್ನು ಅದರ ಬಿಲಕ್ಕೇ ನುಗ್ಗಿ ಅಡ್ಡಗಟ್ಟಬಲ್ಲ ನಾಯಿ ಬೇಕೆಂದು ತಲೆಮಾರುಗಟ್ಟಲೆ ಆರಿಸಿ ಆರಿಸಿ ಪಡೆದ ಮೈ ಇದು. ಆ ಮೋಟು ಕಾಲಿನ ಹಿಂದೆ ಎಫ್‌ಜಿಎಫ್4 ಎಂಬ ಜೀನಿನ ಹೆಚ್ಚುವರಿ ಪ್ರತಿಯೊಂದಿದೆ ಎಂದು 2009ರಲ್ಲಿ ತಿಳಿಯಿತು. ಅದೇ ಜೀನಿನ ಇನ್ನೊಂದು ಪ್ರತಿ ಹನ್ನೆರಡನೆಯ ಕ್ರೋಮೋಸೋಮಿನಲ್ಲಿ ಕೂತು ಬೆನ್ನುಮೂಳೆಯ ಡಿಸ್ಕುಗಳನ್ನು ಎಳವೆಯಲ್ಲೇ ಮುಪ್ಪಾಗಿಸುತ್ತದೆ ಎಂದು 2017ರಲ್ಲಿ ಗೊತ್ತಾಯಿತು. ಮಣಿಮಣಿಗಳ ನಡುವೆ ಮೆತ್ತಗಿರಬೇಕಾದ ತಿರುಳು ಒಣಗಿ ಸುಣ್ಣಗಟ್ಟುತ್ತದೆ, ಸುತ್ತಲಿನ ನಾರಿನ ಉಂಗುರ ಸವೆಯುತ್ತದೆ. ಒಂದು ದಿನ ಉಂಗುರ ಹರಿದು, ಗಟ್ಟಿಯಾದ ತಿರುಳು ಮೇಲಕ್ಕೆ ಚಿಮ್ಮಿ ಬೆನ್ನುಹುರಿಗೆ ಬಡಿಯುತ್ತದೆ. ಹೆಚ್ಚಾಗಿ ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ. ಡ್ಯಾಷ್‌ಹಂಡುಗಳಲ್ಲಿ ಹೆಚ್ಚುಕಡಿಮೆ ಐದಕ್ಕೊಂದು ಬದುಕಿನಲ್ಲಿ ಒಮ್ಮೆಯಾದರೂ ಇದನ್ನು ಕಾಣುತ್ತದೆ.

ಮನೆಯವರು ಹೇಳುವುದು ಎಲ್ಲೆಡೆ ಒಂದೇ ಮಾತು: ಬೆಳಿಗ್ಗೆ ಚೆನ್ನಾಗಿತ್ತು, ಸೋಫಾದಿಂದ ಹಾರಿತು, ಅಷ್ಟೇ. ಆದರೆ ಆ ಡಿಸ್ಕು ನಾಯಿಗೆ ವರ್ಷ ತುಂಬುವ ಮೊದಲೇ ಕೆಡತೊಡಗಿರುತ್ತದೆ. ಹಾರಿದ್ದು ಬರೀ ನೆಪ. ಈ ‘ಹಠಾತ್ತನೆ’ ಎಂಬುದನ್ನು ಕುರಿತು ಕೋಬೆಯಲ್ಲಿ ಕೂತು ಯೋಚಿಸುವಾಗ 1995ರ ಜನವರಿ 17 ನೆನಪಾಗದೆ ಇರದು. ಬೆಳಗಿನ ಜಾವ 5 ಗಂಟೆ 46 ನಿಮಿಷಕ್ಕೆ ನೆಲ ನಡುಗಿತು, ಸತ್ತವರು 6,434 ಮಂದಿ. ಎದುರಿನ ಅವಾಜಿ ದ್ವೀಪದಲ್ಲಿ ಅಂದು ಸರಿದ ನೊಜಿಮಾ ಬಿರುಕಿನ ಒಂದಷ್ಟು ಭಾಗವನ್ನು ಹಾಗೆಯೇ ಮಾಡಿನಡಿ ಉಳಿಸಿಕೊಂಡಿದ್ದಾರೆ. ನೆಲ ಮೇಲೆದ್ದು ಪಕ್ಕಕ್ಕೆ ಜರುಗಿದ ಗುರುತನ್ನು ಮಕ್ಕಳು ಸಾಲಾಗಿ ನಿಂತು ನೋಡುತ್ತಾರೆ. ಅಷ್ಟು ಜನರ ಸಾವಿನ ಪಕ್ಕಕ್ಕೆ ನಾಯಿಯ ಸೊಂಟನೋವನ್ನು ತಂದಿಡುವುದು ಅತಿಯಾದೀತು. ನಾನು ಹೇಳುವುದು ಇಷ್ಟೇ: ಕೆಳಗೆ ಶತಮಾನಗಳಿಂದ ಒತ್ತಡ ಕೂಡುತ್ತಿತ್ತು, ಮೇಲಿದ್ದವರಿಗೆ ಅದು ಇಪ್ಪತ್ತು ಸೆಕೆಂಡಿನ ಸಂಗತಿಯಾಗಿ ಕಂಡಿತು. ಹಠಾತ್ ಅನ್ನುವುದು ನಮ್ಮ ತಿಳಿವಳಿಕೆಯ ಲೆಕ್ಕ. ಮೈಗೆ, ಮಣ್ಣಿಗೆ ಬೇರೆಯೇ ಪಂಚಾಂಗವಿದೆ.

ಚೊಕೊ ಕಿರುಚಲಿಲ್ಲ. ಊಟದ ಮೇಜಿನ ಕೆಳಗೆ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿತ್ತು. ಬೆನ್ನು ಗೂನಾಗಿತ್ತು, ಹೊಟ್ಟೆ ಬಿಗಿದಿತ್ತು, ಮೈ ಸಣ್ಣಗೆ ನಡುಗುತ್ತಿತ್ತು. ಕೆಳಮನೆಯಮ್ಮ ಚಳಿಯೆಂದು ಹೊದಿಕೆ ಹೊದಿಸಿದರು. ಸಂಜೆ ಹೊತ್ತಿಗೆ ಮರದ ನೆಲದ ಮೇಲೆ ಉಗುರು ತರೆಯುವ ಸದ್ದು ಕೇಳತೊಡಗಿತು. ಹಿಂದಿನ ಪಂಜ ಮಗುಚಿ, ಅಂಗಾಲು ಮೇಲಾಗಿ ಎಳೆಯುತ್ತಿತ್ತು. ನಾಯಿಯ ನೋವು ಹೀಗೆಯೇ ಬರುವುದು. ಏರದ ಮೆಟ್ಟಿಲು, ಬಗ್ಗದ ಕತ್ತು, ಮುಟ್ಟಹೋದರೆ ಗುರ್ ಎನ್ನುವ ಸಾಧು ಪ್ರಾಣಿ, ಇಷ್ಟರಲ್ಲೇ ನಾವು ಓದಿಕೊಳ್ಳಬೇಕು. ಅಷ್ಟರಲ್ಲಿ ನಮ್ಮ ಕೈ ಸುಮ್ಮನಿರುವುದಿಲ್ಲ. ಊರಲ್ಲಾಗಿದ್ದರೆ ಉಳುಕಿರಬೇಕೆಂದು ಎಣ್ಣೆ ಬಿಸಿಮಾಡಿ ನೀವುತ್ತಿದ್ದೆವು, ಉಳುಕು ತೆಗೆಯುವವರ ಹತ್ತಿರ ಎತ್ತಿಕೊಂಡು ಹೋಗುತ್ತಿದ್ದೆವು, ಇಲ್ಲವೆ ನಮ್ಮದೇ ನೋವಿನ ಮಾತ್ರೆಯಲ್ಲಿ ಅರ್ಧ ಮುರಿದು ಹಾಕುತ್ತಿದ್ದೆವು. ಮೂರೂ ಅಪಾಯ. ನೀವಿದರೆ, ಎಳೆದರೆ ತಿರುಳು ಇನ್ನಷ್ಟು ನುಗ್ಗಬಹುದು. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನಾಯಿಗೆ ವಿಷವಾಗಬಹುದು. ಎದೆಗೊಂದು ಕೈ, ಸೊಂಟಕ್ಕೊಂದು ಕೈ ಕೊಟ್ಟು, ಬೆನ್ನು ಬಾಗದಂತೆ ಎತ್ತಿ ಪಶುವೈದ್ಯರಲ್ಲಿಗೆ ಒಯ್ಯುವುದೊಂದೇ ದಾರಿ.

ವೈದ್ಯರ ಮೇಜಿನ ಮೇಲೆ ನಡೆಯುವ ಒಂದು ಪರೀಕ್ಷೆಯೇ ನನ್ನನ್ನು ಈ ಬರಹಕ್ಕೆ ಕೂರಿಸಿದ್ದು. ಕಾಲಿನಲ್ಲಿ ಚಲನೆ ಪೂರ್ತಿ ನಿಂತ ಮೇಲೆ ವೈದ್ಯರು ಹಿಂಗಾಲಿನ ಬೆರಳಿಗೆ ಇಕ್ಕಳ ಹಾಕಿ ಎಲುಬಿಗೆ ತಾಗುವಂತೆ ಹಿಸುಕುತ್ತಾರೆ. ಕಾಲು ಚಟ್ಟನೆ ಹಿಂದಕ್ಕೆ ಸರಿಯುತ್ತದೆ. ನೋಡುತ್ತಿರುವ ಮನೆಯವರು, ಅಬ್ಬ, ಗೊತ್ತಾಯಿತು ಎಂದು ಉಸಿರು ಬಿಡುತ್ತಾರೆ. ವೈದ್ಯರು ಕಾಲನ್ನು ನೋಡುತ್ತಲೇ ಇಲ್ಲ, ಅವರ ಕಣ್ಣು ಇರುವುದು ನಾಯಿಯ ಮುಖದ ಮೇಲೆ. ಕಾಲು ಸರಿಯುವುದಕ್ಕೆ ಪೆಟ್ಟು ಬಿದ್ದ ಜಾಗದ ಕೆಳಗಿನ ಬೆನ್ನುಹುರಿಯೇ ಸಾಕು. ಮಿದುಳಿಗೆ ಸುದ್ದಿ ಹೋಗಬೇಕೆಂದಿಲ್ಲ. ನಾಯಿ ತಿರುಗಿ ನೋಡಬೇಕು, ಕಣ್ಣರಳಿಸಬೇಕು, ಕುಂಯ್ ಎನ್ನಬೇಕು, ಬೇಕಿದ್ದರೆ ಕಚ್ಚಲೂ ಬರಬೇಕು. ಹಾಗಾದರೆ ನೋವು ತಲುಪಿದೆ ಎಂದರ್ಥ. ನೋವು ಉಳಿದಿರುವ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಹತ್ತರಲ್ಲಿ ಒಂಬತ್ತು ಮತ್ತೆ ನಡೆಯುತ್ತವೆ. ನೋವು ಹೋದದ್ದಾದರೆ ಅರ್ಧಕ್ಕರ್ಧ.

ಯಾವ ಪ್ರಾಣಿಗೂ ನೋವಾಗದಿರಲಿ ಎಂದು ಜೀವಮಾನವೆಲ್ಲ ಹಾರೈಸಿದವರು ಆ ಮೇಜಿನ ಬದಿಗೆ ನಿಂತು, ನೋವಾಗಲಿ, ದೇವರೇ, ಇದಕ್ಕೆ ನೋವಾಗಲಿ ಎಂದು ಬೇಡುತ್ತಾರೆ. ದುಃಖದಿಂದ ಬಿಡುಗಡೆಯನ್ನೇ ಗುರಿಯಾಗಿಟ್ಟುಕೊಂಡ ನಮ್ಮ ದರ್ಶನಗಳು ಈ ಬೇಡಿಕೆಯನ್ನು ಎಲ್ಲಿಡುತ್ತವೋ ನನಗೆ ಕುತೂಹಲ. ನೋವು ಒಳ್ಳೆಯದು, ಅದು ನಮ್ಮನ್ನು ಮಾಗಿಸುತ್ತದೆ ಎಂಬ ಉಪದೇಶ ನನಗೆ ಹಿಡಿಸದು. ನಡುಗುತ್ತ ನಿಂತ ನಾಯಿಯ ಎದುರು ಆ ಮಾತು ಆಡುವುದಕ್ಕೆ ಭಂಡತನ ಬೇಕು. ಮೇಜಿನ ಮೇಲೆ ಗೊತ್ತಾಗುವುದು ಇನ್ನೂ ಸರಳ: ಮೈಯ ತುದಿಯಲ್ಲಿ ಆಗುತ್ತಿರುವುದು ನನಗೇ ಆಗುತ್ತಿದೆ ಎಂದು ತಿಳಿಸುವ ತಂತಿಯೊಂದಿದೆ, ಅದರಲ್ಲಿ ಹರಿಯುವ ಸುದ್ದಿಗಳಲ್ಲಿ ನೋವೂ ಒಂದು. ತಂತಿ ತುಂಡಾದಾಗ ನೋವಿನ ಜೊತೆಗೆ ಆ ಕಾಲು ನನ್ನದು ಎಂಬುದೂ ಹೋಗುತ್ತದೆ. ಕಾಲು ಬಿಸಿಯಾಗಿಯೇ ಇರುತ್ತದೆ, ರಕ್ತ ಓಡುತ್ತಿರುತ್ತದೆ, ಹಿಸುಕಿದರೆ ಸರಿಯುತ್ತದೆ. ಆದರೆ ಅದರ ಯಜಮಾನ ಊರಲ್ಲಿಲ್ಲ.

ಚೊಕೊ ತಿರುಗಿ ನೋಡಲಿಲ್ಲ.

ಎಮ್‌ಆರ್‌ಐ ಆಯಿತು, ಶಸ್ತ್ರಚಿಕಿತ್ಸೆಯೂ ಆಯಿತು, ಕೆಲವು ಲಕ್ಷ ಯೆನ್ ಖರ್ಚೂ ಆಯಿತು. ನಂತರ ಪಂಜರದ ವಾಸ. ಲಘುವಾಗಿ ಪೆಟ್ಟಾದ ನಾಯಿಗಳಿಗೆ, ಶಸ್ತ್ರಚಿಕಿತ್ಸೆಯಿಲ್ಲದೆಯೇ, ಇದೊಂದೇ ಮುಖ್ಯ ಚಿಕಿತ್ಸೆ: ಎದ್ದು ತಿರುಗಿ ಮಲಗುವಷ್ಟು ಜಾಗದಲ್ಲಿ ಕನಿಷ್ಠ ನಾಲ್ಕು ವಾರ. ಹೊರಗೆ ಬರುವುದು ಮೂತ್ರಕ್ಕೆ ಮಾತ್ರ, ಅದೂ ಹೊಟ್ಟೆಯಡಿ ಟವೆಲು ಹಾಕಿ ಹಿಂಭಾಗ ಎತ್ತಿಕೊಂಡು. ಕಷ್ಟದ ವಾರ ಮೊದಲನೆಯದಲ್ಲ. ನೋವು ಇಳಿದು ನಾಯಿ ಬಾಲ ಆಡಿಸತೊಡಗುವ ಎರಡನೆಯ, ಮೂರನೆಯ ವಾರ ಕಷ್ಟ. ಬಿಡು ಎಂದು ಅದು ಕೇಳುತ್ತದೆ, ಬಿಡೋಣ ಎಂದು ನಮ್ಮ ಜೀವವೂ ಅನ್ನುತ್ತದೆ. ಉಂಗುರದ ಗಾಯ ಮಾತ್ರ ಇನ್ನೂ ಮಾಗಿರುವುದಿಲ್ಲ. ಪಂಜರ ನಮ್ಮ ಮನಸ್ಸಿಗೆ ಶಿಕ್ಷೆಯಾಗಿಯೇ ಕಾಣುತ್ತದೆ. ಇಲ್ಲಿ ಹಾಗೆ ಕಾಣುವುದು ಕಡಿಮೆ, ಅದಕ್ಕೂ ಕಾರಣ ಭೂಕಂಪವೇ. ವಿಪತ್ತಿನಲ್ಲಿ ಸಾಕುಪ್ರಾಣಿಯನ್ನು ಬಿಟ್ಟು ಬರಬೇಡಿ, ಜೊತೆಗೇ ಕರೆತನ್ನಿ ಎಂದು ಜಪಾನಿನ ಪರಿಸರ ಸಚಿವಾಲಯ 2013ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದಕ್ಕಾಗಿ ನಾಯಿಗೆ ಮರಿಯಿಂದಲೇ ಪಂಜರದೊಳಗೆ ನೆಮ್ಮದಿಯಾಗಿ ಮಲಗುವುದನ್ನು ಕಲಿಸಿ ಎನ್ನುತ್ತಾರೆ. ನಿರಾಶ್ರಿತರ ಶಿಬಿರಕ್ಕೆಂದು ಕಲಿತ ಪಾಠ ಬೆನ್ನು ಮುರಿದ ದಿನ ಒದಗುತ್ತದೆ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಡ್ಯಾಷ್‌ಹಂಡ್, ಪಗ್ ಸಾಕಿರುವವರೂ ಇದನ್ನು ಕಲಿಸಿದರೆ ಒಳ್ಳೆಯದು, ಜಾರುವ ಟೈಲ್ಸಿನ ಮೇಲೊಂದು ಚಾಪೆಯನ್ನೂ ಹಾಸಲಿ.

ನಾಯಿಯ ಗಾಯವನ್ನು ಕನ್ನಡ ನಾಡು ಒಮ್ಮೆ ಕಲ್ಲಿನಲ್ಲಿ ಕೆತ್ತಿಸಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ವೀರಗಲ್ಲು ಕ್ರಿ.ಶ. 949-50ರದ್ದು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನೆಂಬ ಯೋಧನಿಗೆ, ಬೇಕಾದ್ದು ಕೇಳು ಎಂದು ಅರಸ ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು, ಎರಡೂ ಹೋರಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ಬಿಟ್ಟರು. ಕಾಳಿಯ ಗಾಯಕ್ಕೆ ಎದುರಾಳಿ ಇದ್ದ, ಕಥೆ ಇತ್ತು. ಚೊಕೊಗೆ ಬ್ಯಾಜರಿನ ಬಿಲವೂ ಕಾಣಲಿಲ್ಲ. ಬಿಲಕ್ಕೆಂದು ಕೊಟ್ಟ ಮೈಯನ್ನು ಹೊತ್ತು ಅದು ಸೋಫಾದ ಮೇಲೆ ಬದುಕಿತು, ಆ ಮೈಯೇ ಅದರ ಮೇಲೆ ಬಿತ್ತು. ಇಂಥದ್ದಕ್ಕೆ ನಾವು ಪ್ರಾರಬ್ಧ ಅಂದುಬಿಡುತ್ತೇವೆ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಇಲ್ಲಿ ಮುಗ್ಗರಿಸುತ್ತದೆ, ಮಾಡಿದವರು ಒಬ್ಬರು, ಉಣ್ಣುತ್ತಿರುವವರು ಇನ್ನೊಬ್ಬರು. ಈ ಕರ್ಮಕ್ಕೆ ವಿಳಾಸವಿದೆ: ಕ್ರೋಮೋಸೋಮಿನ ಸಂಖ್ಯೆಯಿದೆ, ತಳಿ ಮಾಡುವವರ ದಾಖಲೆ ಪುಸ್ತಕವಿದೆ, ಇನ್ನೂ ಮೋಟು ಕಾಲಿನದು ಇದೆಯೇ ಎಂದು ಕೇಳುವ ಗಿರಾಕಿಯಿದ್ದಾನೆ. ವಿಳಾಸ ಗೊತ್ತಿರುವ ಕರ್ಮವನ್ನು ತಿದ್ದಲೂ ಬಹುದು. ಡೆನ್ಮಾರ್ಕ್, ಫಿನ್‌ಲೆಂಡುಗಳಲ್ಲಿ ಮರಿ ಹಾಕಿಸುವ ಮೊದಲು ಡ್ಯಾಷ್‌ಹಂಡಿನ ಬೆನ್ನಿನ ಎಕ್ಸ್‌ರೇ ತೆಗೆದು ಸುಣ್ಣಗಟ್ಟಿದ ಡಿಸ್ಕುಗಳನ್ನು ಎಣಿಸುವ ಪದ್ಧತಿಯಿದೆ.

ತಿಂಗಳುಗಳ ಮೇಲೆ ಚೊಕೊ ಎದ್ದು ನಿಂತಿತು. ಸೊಂಟ ಓಲಾಡುತ್ತಿದ್ದರೂ ಹಿಂಗಾಲು ಹೆಜ್ಜೆ ಇಡುತ್ತಿದ್ದವು. ಬೆರಳು ಹಿಸುಕಿದರೆ ಮಾತ್ರ ಆಗಲೂ ತಿರುಗಿ ನೋಡಲಿಲ್ಲ. ವೈದ್ಯರು ಇದನ್ನು ಬೆನ್ನುಹುರಿಯ ನಡಿಗೆ ಎನ್ನುತ್ತಾರೆ. ಪೆಟ್ಟು ಬಿದ್ದ ಜಾಗದಿಂದ ಕೆಳಗಿನ ಹುರಿಯೊಳಗೇ ಹೆಜ್ಜೆಯ ಲಯವಿದೆ, ಮೇಲಿಂದ ಅಪ್ಪಣೆ ಬರದಿದ್ದರೂ ಅದು ತನ್ನಷ್ಟಕ್ಕೆ ಕಾಲು ಎತ್ತಿ ಇಡಬಲ್ಲದು. 2012ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಹೀಗೆ ಸೊಂಟ ಬಿದ್ದ 34 ಸಾಕುನಾಯಿಗಳ ಮೇಲೆ ಮಾಡಿದ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ದರು. ಕೆಲವು ನಾಯಿಗಳ ಮೂಗಿನ ಒಳಪೊರೆಯಿಂದಲೇ ಜೀವಕೋಶ ತೆಗೆದು ಬೆಳೆಸಿ ಗಾಯದ ಜಾಗಕ್ಕೆ ಚುಚ್ಚಿದಾಗ ಮುಂಗಾಲು ಹಿಂಗಾಲುಗಳ ಹೊಂದಾಣಿಕೆ ಸುಧಾರಿಸಿತು. ಮಿದುಳಿನವರೆಗಿನ ದಾರಿ ಮಾತ್ರ ತೆರೆಯಲಿಲ್ಲ. ಹಾಗಿದ್ದರೆ ನಡೆಯುತ್ತಿರುವುದು ಯಾರು? ಚೊಕೊವೋ, ಅದರ ಕಾಲೋ? ಕೆಳಮನೆಯಮ್ಮನ ಹತ್ತಿರ ಇದನ್ನು ಎತ್ತಿದೆ. ನೀವು ಹೆಜ್ಜೆ ಹೆಜ್ಜೆಗೂ ಯೋಚಿಸಿ ಮೆಟ್ಟಿಲಿಳಿದು ಬಂದಿರಾ ಎಂದು ಕೇಳಿದರು, ಮತ್ತೆ ಕೆಲಸಕ್ಕೆ ಬಾಗಿದರು.

ಕೆಲಸ ಬಹಳವಿದೆ. ಮೂತ್ರಕೋಶ ತುಂಬಿದ್ದು ನಾಯಿಗೆ ತಿಳಿಯದು, ಆದ್ದರಿಂದ ಹೊತ್ತು ಹೊತ್ತಿಗೆ ಅವರೇ ಹೊಟ್ಟೆ ಮುಟ್ಟಿ ನೋಡಿ, ಮೆಲ್ಲಗೆ ಒತ್ತಿ ಬರಿದು ಮಾಡಬೇಕು. ಕಾಂಕ್ರೀಟು ಇಳಿಜಾರಿನಲ್ಲಿ ಪಂಜ ತರೆದು ರಕ್ತ ಬಂದರೂ ಅದು ಕುಣಿಯುತ್ತಲೇ ಮುಂದೆ ಹೋಗುತ್ತದೆ. ನಾಯಿ ಎಷ್ಟು ಧೈರ್ಯವಂತ ಎಂದು ದಾರಿಹೋಕರು ಮೆಚ್ಚುತ್ತಾರೆ. ಗಾಯದ ಸುದ್ದಿ ಅದಕ್ಕೆ ತಲುಪಿಯೇ ಇಲ್ಲ, ಧೈರ್ಯದ ಮಾತೆಲ್ಲಿ ಬಂತು? ತಿರುಗಾಡಿ ಬಂದ ಮೇಲೆ ಕೆಳಮನೆಯಮ್ಮ ಕನ್ನಡಕ ಹಾಕಿಕೊಂಡು ಹಿಂದಿನ ಎರಡು ಪಂಜಗಳ ಬೆರಳ ಸಂದುಗಳನ್ನು ಬಿಡಿಸಿ ನೋಡುತ್ತಾರೆ. ನಾಯಿಗೆ ಆಗಬೇಕಿದ್ದ ನೋವಿನ ಕೆಲಸವನ್ನು ಅವರು ಮಾಡುತ್ತಿದ್ದಾರೆ. ಈಗ ಕಾಲುಚೀಲ ಹಾಕುತ್ತಾರೆ. ಅಂಗಡಿಯಲ್ಲಿ ಅದನ್ನು ನಾಲ್ಕರ ಕಟ್ಟಾಗಿಯೇ ಮಾರುತ್ತಾರಂತೆ, ಎರಡು ಸುಮ್ಮನೆ ದಂಡ ಎಂದು ಅವರ ಗೊಣಗಾಟ.