ಒಂದು ಪುಸ್ತಕ, ಒಂದು ಪತ್ರ

ದಿನವೆಲ್ಲ ದುಡಿದು ಮನೆಗೆ ಬಂದು, ಕೈಕಾಲು ತೊಳೆದು, ಕಾಫಿ ಲೋಟ ಹಿಡಿದು ಟಿ.ವಿ. ಮುಂದೆ ಕೂತಾಗ ನಮಗೆಲ್ಲ ಬೇಕಾಗಿರುವುದು ಇಷ್ಟೇ, ಎರಡು ಗಂಟೆ ಹೊತ್ತು ಲೋಕದ ಜಂಜಾಟ ಮರೆತಿರುವುದು. ಆ ಹೊತ್ತಿನಲ್ಲಿ ಯಾರಾದರೂ ರಾಜಕೀಯ ತೆಗೆದರೆ ಮನೆಯ ಹಿರಿಯರು ಸಿಡುಕುತ್ತಾರೆ: ‘ಆಟ ನೋಡೋಕಾದ್ರೂ ಬಿಡ್ರಪ್ಪ.’ ಅಮೆರಿಕದಲ್ಲಿ ಭಾನುವಾರ ಫುಟ್‌ಬಾಲ್ ನೋಡಲು ಕೂರುವ ಎಷ್ಟೋ ಸಂಸಾರಗಳ ಮಾತೂ ಇದೇ. 2020ರಲ್ಲಿ ಅಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಮೈದಾನದ ಅಂಚಿನಲ್ಲಿ ‘ವರ್ಣದ್ವೇಷ ಕೊನೆಗೊಳಿಸಿ’ ಎಂದು ದೊಡ್ಡಕ್ಷರದಲ್ಲಿ ಬರೆಸಿತು. ಅದೇ ವರ್ಷ ಬ್ಯಾಸ್ಕೆಟ್‌ಬಾಲ್ ಅಂಗಳದ ಮೇಲೆ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಎಂಬ ಬರಹ ಬಂತು. ಅದನ್ನು ಕಂಡು ಕೆಲವರ ಕಣ್ಣು ತುಂಬಿತು, ಕೆಲವರ ಮುಖ ಗಂಟಿಕ್ಕಿತು. 2025ರಲ್ಲಿ ಆ ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್ ಹೊತ್ತಿಗೆ ವರ್ಣದ್ವೇಷದ ಮಾತು ಅಂಗಳದಿಂದ ಹೋಗಿ ‘ಪ್ರೀತಿಯನ್ನು ಆರಿಸಿಕೊಳ್ಳಿ’ ಎಂಬುದು ಬಂದಿತ್ತು. ಆಗ ಮುಖ ಗಂಟಿಕ್ಕಿದವರು ಬೇರೆಯವರು.

ಆ ಮನೆಗಳಲ್ಲಿ ಸಿಟ್ಟಿಗೆ ಇನ್ನೊಂದು ಗುರಿಯೂ ಇದೆ, ಫೆಡರಲ್ ನ್ಯಾಯಾಲಯಗಳು. ಅಲ್ಲಿನ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪುತ್ತದೆ. ಆಮೇಲೆ ಅವರಿಗೆ ಚುನಾವಣೆಯಿಲ್ಲ, ನಿವೃತ್ತಿಯ ವಯಸ್ಸೂ ಇಲ್ಲ. ‘ಮತ ಹಾಕಿದವರು ನಾವು, ತಡೆಯಾಜ್ಞೆ ಕೊಡುವವರು ಇವರಾ?’ ಎಂದು ಕೇಳುವವರು ಎಲ್ಲ ಕಾಲದಲ್ಲೂ ಇದ್ದರು. ಶಾಲೆಗಳಲ್ಲಿ ಕರಿಯ ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬೇರ್ಪಡಿಸಬಾರದೆಂದು 1954ರಲ್ಲಿ ತೀರ್ಪು ಬಂದ ಮೇಲೆ, ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಅವರನ್ನು ವಾಗ್ದಂಡನೆಗೆ ಗುರಿಪಡಿಸಿ ಎಂಬ ಫಲಕಗಳು ರಸ್ತೆ ಬದಿಯಲ್ಲಿ ಎದ್ದವು. 2022ರಲ್ಲಿ ಗರ್ಭಪಾತದ ಹಕ್ಕಿನ ತೀರ್ಪು ತಲೆಕೆಳಗಾದಾಗ ನೊಂದು ಬೀದಿಗಿಳಿದವರು ಇನ್ನೊಂದು ಕಡೆಯವರು. ತೀರ್ಪು ನಮ್ಮ ಕಡೆ ಬಂದ ದಿನ ಅದು ನ್ಯಾಯದೇಗುಲ, ಎದುರಾದ ದಿನ ಪಕ್ಷಪಾತಿಗಳ ಕೂಟ. ಈ ಸಿಟ್ಟನ್ನು ನಾನು ಹಗುರವಾಗಿ ಕಾಣಲಾರೆ. ತನ್ನ ಮಾತು ಯಾರ ಕಿವಿಗೂ ಬೀಳುತ್ತಿಲ್ಲ ಎಂಬ ಸಂಕಟ ಅದರೊಳಗಿದೆ, ಆ ಸಂಕಟ ನಮ್ಮ ಮನೆಗಳಿಗೂ ಹೊಸದಲ್ಲ.

ಆಟ, ನ್ಯಾಯಾಲಯ ಎರಡೂ ಒಟ್ಟಿಗೆ ನೆನಪಾದಾಗ ಮನಸ್ಸು ಹೋಗುವುದು ಬಾಕ್ಸರ್ ಮಹಮ್ಮದ್ ಅಲಿ ಅವರ ಕಡೆಗೆ. 1967ರ ಏಪ್ರಿಲ್ 28ರಂದು ಹ್ಯೂಸ್ಟನ್ನಿನ ಸೇನಾ ಭರ್ತಿ ಕೇಂದ್ರದಲ್ಲಿ ಹೆಸರು ಕೂಗಿದಾಗ ಅವರು ಒಂದು ಹೆಜ್ಜೆ ಮುಂದಿಡಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗಲು ತನ್ನ ಧರ್ಮ ಒಪ್ಪದು ಎಂಬುದು ಅವರ ನಿಲುವು. ವಿಶ್ವ ಚಾಂಪಿಯನ್ ಪಟ್ಟ ಹೋಯಿತು, ಬಾಕ್ಸಿಂಗ್ ಪರವಾನಗಿ ಹೋಯಿತು. ಜೂನ್ ತಿಂಗಳಲ್ಲಿ ಐದು ವರ್ಷ ಸೆರೆವಾಸ, 10,000 ಡಾಲರ್ ದಂಡದ ಶಿಕ್ಷೆಯೂ ಆಯಿತು. ಮೇಲ್ಮನವಿಯ ಕಾರಣ ಜೈಲಿಗೆ ಹೋಗಲಿಲ್ಲ, ಆದರೆ ಮೂರೂವರೆ ವರ್ಷ ಅಖಾಡಕ್ಕೂ ಇಳಿಯಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದಾಗ ಒಬ್ಬ ನ್ಯಾಯಮೂರ್ತಿ ಹಿಂದೆ ಸರಿದಿದ್ದರಿಂದ ಉಳಿದವರು ಎಂಟು ಮಂದಿ. ಒಳಗಿನ ಮೊದಲ ಎಣಿಕೆಯಲ್ಲಿ ಐವರು ಅಲಿಗೆ ವಿರುದ್ಧ. ಆ ತೀರ್ಪು ಬರೆಯುವ ಹೊಣೆ ಜಾನ್ ಹಾರ್ಲನ್ ಅವರದಾಯಿತು. ಎಪ್ಪತ್ತು ದಾಟಿದ, ಸಂಪ್ರದಾಯನಿಷ್ಠ ಎಂದು ಹೆಸರಾದ ಹಿರಿಯರು ಅವರು, ಕಣ್ಣೂ ಮಂಜಾಗಿತ್ತು. ಅಲಿ ನಂಬಿದ ಪಂಥದ ಗುರು ಎಲಿಜಾ ಮುಹಮ್ಮದ್ ಬರೆದ ಪುಸ್ತಕವನ್ನು ಅವರ ಕಚೇರಿಯ ಕಿರಿಯ ಸಹಾಯಕರು ಅವರ ಕೈಗಿತ್ತರು. ಹಾರ್ಲನ್ ಅದನ್ನು ಮನೆಗೆ ಒಯ್ದರು. ಅಲಿಯ ನಂಬಿಕೆ ನಟನೆಯಲ್ಲ ಎಂದು ಅವರಿಗೆ ಮನವರಿಕೆಯಾಯಿತು, ಮತ ಬದಲಿಸಿದರು. ಈಗ ನಾಲ್ಕಕ್ಕೆ ನಾಲ್ಕು. ಹಾಗೇ ಬಿಟ್ಟಿದ್ದರೆ ಕೆಳಗಿನ ನ್ಯಾಯಾಲಯದ ಶಿಕ್ಷೆಯೇ ಉಳಿದು, ಕಾರಣವೂ ತಿಳಿಯದೆ ಅಲಿ ಜೈಲಿಗೆ ಹೋಗಬೇಕಿತ್ತು. ಸೇನೆಯಿಂದ ವಿನಾಯಿತಿ ಕೇಳಿದ್ದ ಅಲಿಯ ಕೋರಿಕೆಯನ್ನು ತಳ್ಳಿಹಾಕಿದ್ದ ಸೇನಾ ಭರ್ತಿಯ ಮಂಡಳಿ ಯಾವ ಕಾರಣಕ್ಕೆ ತಳ್ಳಿತೆಂದು ಹೇಳಿಯೇ ಇಲ್ಲ ಎಂಬ ಲೋಪ ಆಮೇಲೆ ಕಣ್ಣಿಗೆ ಬಿತ್ತು. 1971ರ ಜೂನ್ 28ರಂದು ಎಂಟೂ ಮಂದಿ ಒಮ್ಮತದಿಂದ ಶಿಕ್ಷೆ ರದ್ದು ಮಾಡಿದರು. ಹಾರ್ಲನ್ ಆ ವರ್ಷದ ಕೊನೆಗೆ ತೀರಿಕೊಂಡರು. ಅಷ್ಟು ವಯಸ್ಸಿನಲ್ಲಿ, ಅಷ್ಟು ದೊಡ್ಡ ಪೀಠದಲ್ಲಿ ಕೂತು, ತನಗಿಂತ ಚಿಕ್ಕವರು ಕೊಟ್ಟ ಪುಸ್ತಕ ಓದಿ ‘ನಾನು ತಿಳಿದದ್ದು ತಪ್ಪಾಗಿತ್ತು’ ಎಂದುಕೊಳ್ಳುವುದು ಸಾಮಾನ್ಯ ವಿನಯವಲ್ಲ. ಮಗಳು ಏನೋ ಓದಲು ಕೊಟ್ಟರೆ ‘ಆಮೇಲೆ ನೋಡ್ತೀನಿ’ ಎಂದು ಬದಿಗಿಡುವ ನಮಗೆ ಅದು ಎಷ್ಟು ಕಷ್ಟವೆಂದು ಗೊತ್ತೇ ಇದೆ.

ಅದು ಪುಸ್ತಕದ ಕಥೆ, ಪತ್ರದ ಕಥೆ ಶುರುವಾಗುವುದು ರಾಷ್ಟ್ರಗೀತೆಯಿಂದ. ಆ ವಿಷಯ ಬಂದರೆ ನಮ್ಮ ರಕ್ತವೂ ಬಿಸಿಯಾಗುತ್ತದೆ. ಕೇರಳದ ಮೂವರು ಶಾಲಾ ಮಕ್ಕಳು ಗೀತೆಗೆ ಗೌರವದಿಂದ ಎದ್ದು ನಿಂತರೂ ತಮ್ಮ ನಂಬಿಕೆಯ ಕಾರಣ ಹಾಡಲಿಲ್ಲವೆಂದು ಶಾಲೆ ಅವರನ್ನು ಹೊರಹಾಕಿತ್ತು. 1986ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ಧ್ವಜವಂದನೆಗೆ ಮಕ್ಕಳನ್ನು ಬಲವಂತಪಡಿಸಬಾರದೆಂಬ ಅಮೆರಿಕದ 1943ರ ತೀರ್ಪನ್ನೂ ಅದರಲ್ಲಿ ನೆನೆದಿತ್ತು. ಆ ಅಮೆರಿಕದಲ್ಲೇ 2016ರ ಆಗಸ್ಟ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಫುಟ್‌ಬಾಲ್ ತಂಡದ ಕಾಲಿನ್ ಕೆಪರ್ನಿಕ್ ರಾಷ್ಟ್ರಗೀತೆಯ ವೇಳೆ ಬೆಂಚಿನಲ್ಲಿ ಕೂತೇ ಇದ್ದರು. ಕರಿಯರ ಮೇಲಿನ ಪೊಲೀಸ್ ಹಿಂಸೆಗೆ ಅದು ಅವರ ಪ್ರತಿಭಟನೆ. ದೇಶ ಎರಡಾಯಿತು. ಸೇನೆಯ ವಿಶೇಷ ಪಡೆಯಲ್ಲಿದ್ದು ಯುದ್ಧ ಕಂಡು ಬಂದ, ಸ್ವಲ್ಪ ಕಾಲ ಫುಟ್‌ಬಾಲೂ ಆಡಿದ್ದ ನೇಟ್ ಬಾಯರ್ ಅವರಿಗೂ ಕೋಪ ಬಂತು. ಅವರು ಒಂದು ಬಹಿರಂಗ ಪತ್ರ ಬರೆದರು. ಅದರಲ್ಲಿ ಕೋಪವನ್ನು ಮುಚ್ಚಿಡಲಿಲ್ಲ, ಕೇಳಿಸಿಕೊಳ್ಳಲು ಸಿದ್ಧನಿದ್ದೇನೆ ಎಂದೂ ತಿಳಿಸಿದರು. ಕೆಪರ್ನಿಕ್ ಅದನ್ನು ಓದಿ ಅವರನ್ನು ಬರಹೇಳಿದರು. ಸೆಪ್ಟೆಂಬರ್ 1ರಂದು ಸ್ಯಾನ್ ಡಿಯಾಗೊದ ಹೋಟೆಲೊಂದರ ಮೊಗಸಾಲೆಯಲ್ಲಿ ಇಬ್ಬರೂ ಕೂತು ಮಾತಾಡಿದರು. ಕೂರುವುದು ಬೇಡ, ಮಂಡಿಯೂರಿ, ಮಡಿದ ಗೆಳೆಯನ ಸಮಾಧಿಯ ಮುಂದೆ ಸೈನಿಕರಾದ ನಾವೂ ಹಾಗೆಯೇ ಮಾಡುತ್ತೇವೆ ಎಂಬುದು ಬಾಯರ್ ಕೊಟ್ಟ ಸಲಹೆ. ಮುಂದೆ ಆ ಮಂಡಿಯೂರುವಿಕೆಯೂ ದೊಡ್ಡ ಜಗಳವಾಯಿತು. 2016ರ ಋತುವಿನ ನಂತರ ಕೆಪರ್ನಿಕ್‌ಗೆ ಯಾವ ತಂಡವೂ ಜಾಗ ಕೊಡಲಿಲ್ಲ, ಅದು ಅನ್ಯಾಯವೆಂದೇ ನನ್ನ ಭಾವನೆ. ಆದರೆ ಇಬ್ಬರೂ ಕೂತು ಮಾತಾಡಿದ ಆ ದಿನ ಸಂಜೆ ಗೀತೆ ಮೊಳಗುವಾಗ ಕೆಪರ್ನಿಕ್ ಮಂಡಿಯೂರಿದರು. ಬಾಯರ್ ಅವರ ಪಕ್ಕದಲ್ಲೇ, ಎದೆಯ ಮೇಲೆ ಕೈಯಿಟ್ಟು, ನೆಟ್ಟಗೆ ನಿಂತಿದ್ದರು.