ದೆವ್ವ ಇರಲಿ ಬಿಡ್ರಿ, ನಗು ಯಾರ ಮ್ಯಾಲೆ?

ಬೆಂಗಳೂರಿನ ಆಫೀಸಿನಲ್ಲಿ ಊಟಕ್ಕೆ ಕೂತರೂ ಇದೇ ಚರ್ಚೆ, ಠಾಣಾ ಕುಶನೂರದಿಂದ ಅಕ್ಕ ಫೋನ್ ಮಾಡಿದರೂ ಇದೇ ಮಾತು: "ಹುಡುಗ ಅದೇನೋ ದೆವ್ವದ ಕಾರ್ಟೂನ್ ನೋಡ್ಲತ್ತಾನ. ಬಿಡ್ಲೋ ಬ್ಯಾಡೋ?" ಹುಡುಗ ಒಂಬತ್ತನೇ ಕ್ಲಾಸು. ಕಾರ್ಟೂನ್ 'ಡಂಡಡನ್'.

ಗೊತ್ತಿಲ್ಲದವರಿಗೆ ಎರಡು ಮಾತು. ಯುಕಿನೋಬು ತತ್ಸು 2021ರಲ್ಲಿ ಶುರು ಮಾಡಿದ ಮಾಂಗಾ, 2024ರ ಅಕ್ಟೋಬರ್‌ನಲ್ಲಿ ಅನಿಮೆಯಾಗಿ ಬಂತು. ಹೈಸ್ಕೂಲ್ ಹುಡುಗಿ ಮೊಮೊ ದೆವ್ವ ನಂಬುತ್ತಾಳೆ, ಏಲಿಯನ್ ನಂಬಲ್ಲ. ಅದೇ ಸ್ಕೂಲಿನ ಒಕಾರುನ್‌ದು ಉಲ್ಟಾ. ಇಬ್ಬರೂ ಪಂಥ ಕಟ್ಟುತ್ತಾರೆ, ನೋಡಿದರೆ ಎರಡೂ ನಿಜ. ಅಲ್ಲಿಂದ ಬರೀ ಗದ್ದಲ, ಹೊಡೆದಾಟ, ನಗು.

ದೆವ್ವದ ಬಗ್ಗೆ ನನಗಂತೂ ಚಿಂತೆಯಿಲ್ಲ. ಚಂದಮಾಮ ದಶಕಗಟ್ಟಲೆ ಮಕ್ಕಳ ಕೈಗೆ ಸ್ಮಶಾನ, ಮರದಲ್ಲಿ ನೇತಾಡುವ ಹೆಣ, ಅದರೊಳಗಿನ ಬೇತಾಳ ಎಲ್ಲವನ್ನೂ ಕೊಟ್ಟಿತು. ನಮ್ಮ ಕಡೆ ಹುಣಸೆಮರದ ದೆವ್ವದ ಕತೆ ಕೇಳದೆ ಬೆಳೆದವರು ಯಾರದಾರ? ಡಂಡಡನ್‌ನ ಏಳನೇ ಎಪಿಸೋಡಿನಲ್ಲಿ ದೆವ್ವವೊಂದರ ಹಿಂದಿನ ಬದುಕು ಬರುತ್ತದೆ. ಬಡತನದಲ್ಲಿ ಒಬ್ಬಳೇ ಮಗಳನ್ನು ಸಾಕುತ್ತಿದ್ದ ತಾಯಿ. ಸಾಲದವರು ಬಂದು ಆ ಮಗಳನ್ನು ಎಳೆದೊಯ್ಯುತ್ತಾರೆ. ಅದನ್ನು ನೋಡಿದ ಹುಡುಗ ಕೆಡುವುದಿಲ್ಲ. ಅಳಬಹುದು, ಅತ್ತರೆ ಒಳ್ಳೆಯದೇ.

ತಕರಾರು ಇರುವುದು ಮೊದಲನೇ ಎಪಿಸೋಡಿಗೆ. ಏಲಿಯನ್‌ಗಳು ಮೊಮೊಳನ್ನು ಒಳಉಡುಪಿನಲ್ಲಿ ಕಟ್ಟಿಹಾಕಿ ಮೈಮೇಲೆ ಬರುತ್ತಾರೆ. ಅದೇ ಗಳಿಗೆಯಲ್ಲಿ ಅವಳ ಶಕ್ತಿ ಎಚ್ಚರಗೊಂಡು ತಿರುಗಿ ಬೀಳುತ್ತಾಳೆ, ಒಪ್ಪಿದೆ. ಆದರೆ ಅಲ್ಲಿವರೆಗೆ ಹುಡುಗಿಯ ಭಯವೂ ತಮಾಷೆಯ ಸಾಮಾನು. ಒಕಾರುನ್‌ನ ಗುಪ್ತಾಂಗವನ್ನು ಅಜ್ಜಿ ದೆವ್ವ ಕದಿಯುವ ಜೋಕು ಬೇರೆ ಥರದ್ದು. ಅಲ್ಲಿ ಹುಡುಗರು ನಗುವುದು ತಮ್ಮದೇ ಮೈಯ ಮುಜುಗರಕ್ಕೆ. ಮೊಮೊಳ ದೃಶ್ಯದಲ್ಲಿ ನಕ್ಕರೆ ಅದು ಇನ್ನೊಬ್ಬಳ ಅಸಹಾಯಕತೆಗೆ. ನಾಳೆ ಕ್ಲಾಸಿನಲ್ಲಿ ಒಬ್ಬ ಹುಡುಗಿಗೆ ಯಾರೋ ಕಾಟ ಕೊಡುವಾಗ ಈ ಹುಡುಗ ನಗುತ್ತಾನೋ, ತಡೆಯುತ್ತಾನೋ? ನನಗೆ ಬೇಕಾಗಿರುವ ಉತ್ತರ ಅದು.

2021ರ ಐಟಿ ನಿಯಮಗಳು ಓಟಿಟಿಗೆ ಯು, ಯು/ಎ 7+, 13+, 16+, ಎ ಅಂತ ಐದು ದರ್ಜೆ ಕೊಟ್ಟವು. 13+ ಮತ್ತು ಅದಕ್ಕೂ ಮೇಲಿನದಕ್ಕೆ ಪೇರೆಂಟಲ್ ಲಾಕ್ ಇರಲೇಬೇಕು. ಒಳ್ಳೆಯದೇ. ಸಣ್ಣ ಮಕ್ಕಳಿಗೆ ಲಾಕ್ ಹಾಕಿ. ಆದರೆ ದರ್ಜೆ ವಯಸ್ಸು ಹೇಳುತ್ತೆ, ಹಿಂಸೆ ಅದೆ, ನಗ್ನತೆ ಅದೆ ಅಂತ ಹೇಳುತ್ತೆ. ನಗು ಯಾರ ಮೇಲೆ ಅಂತ ಹೇಳಲ್ಲ. ಹದಿನೈದರ ಹುಡುಗನಿಗೆ ಪೂರ್ತಿ ಬಂದ್ ಮಾಡಿದರೆ ಗೆಳೆಯನ ಮೊಬೈಲ್ ಇದ್ದೇ ಇದೆ. ಅಲ್ಲಿ ಜೊತೆಗೆ ನಗುವವರು ಸಿಗುತ್ತಾರೆ, ಕೇಳುವವರು ಸಿಗಲ್ಲ.

ಬೇತಾಳನ ಕತೆ ಬರೀ ಹೆದರಿಸಿ ಮುಗಿಯುತ್ತಿರಲಿಲ್ಲ. ಕೊನೆಗೆ ಒಂದು ಪ್ರಶ್ನೆ: ಇವರಲ್ಲಿ ತಪ್ಪು ಯಾರದು? ಗೊತ್ತಿದ್ದೂ ಬಾಯಿ ಬಿಡದಿದ್ದರೆ ರಾಜನ ತಲೆ ಹೋಳು. ಓದುತ್ತಿದ್ದ ನಾವೂ ರಾಜನಿಗಿಂತ ಮೊದಲು ಉತ್ತರ ಹುಡುಕುತ್ತಿದ್ದೆವು. ಡಂಡಡನ್ ಆ ಪ್ರಶ್ನೆ ಕೇಳುವುದಿಲ್ಲ, ದೊಡ್ಡವರು ಕೇಳಬೇಕು.

ಅದಕ್ಕೇ ನನ್ನ ಉತ್ತರ: ಹದಿನೈದಕ್ಕೆ ನೋಡಲಿ, ಮೊದಲನೇ ಎಪಿಸೋಡು ಮಾತ್ರ ಒಬ್ಬನೇ ಬೇಡ. ಮಾಮನೋ, ಅಪ್ಪನೋ ಪಕ್ಕದಲ್ಲಿ ಕೂತು, ಉಪದೇಶ ಕೊಡದೆ, "ಆ ಹುಡುಗಿಗೆ ಆಗ ಹೆಂಗನಿಸಿರಬೇಕೋ?" ಅಂತ ಒಂದೇ ಮಾತು ಕೇಳಲಿ. ಮುಜುಗರ ಆಗುತ್ತೆ, ಇಬ್ಬರಿಗೂ. ಆದರೂ ಕೇಳ್ರಿ.